ಟವೆಲ್ ಹಾಕುವುದು ಬೇರೆ, ಟವೆಲ್ ಎಸೆಯುವುದು ಬೇರೆ

ಪ್ರಶ್ನೆ: ಮಾನ್ಯರೆ, ನಾನು ಬ್ಯಾಡಗಿಯಲ್ಲಿ ಪದವಿಪೂರ್ವ ತರಗತಿಗಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಇಂಗ್ಲಿಷ್ ದಿನಪತ್ರಿಕೆಯ ಒಂದು ವಾಕ್ಯವನ್ನು ಕನ್ನಡಕ್ಕೆ ತರಲು ಮಕ್ಕಳಿಗೆ ಕೊಟ್ಟಿದ್ದೆ. ಪಕ್ಷದ ಅಧ್ಯಕ್ಷ ಸ್ಥಾನಕ್ಕಾಗಿ ನಡೆದ ಪೈಪೋಟಿಯಲ್ಲಿ ಒಬ್ಬ ನಾಯಕರು ‘ಥ್ರೂ ಇನ್ ದ ಟವೆಲ್’ ಎಂದು ಅದರಲ್ಲಿತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ‘ಅಧ್ಯಕ್ಷರ ಕುರ್ಚಿಗೆ ಟವೆಲ್ ಹಾಕಿದರು’ ಎಂದು ಬರೆದುಕೊಟ್ಟರು. ಅರ್ಥ ತಲೆಕೆಳಗಾಗಿದೆ ಎಂದು ತಿದ್ದಿದೆ. ಆದರೆ ಟವೆಲಿಗೂ ಸೋಲಿಗೂ ಏನು ಸಂಬಂಧ ಎಂದು ಅವರು ಕೇಳಿದಾಗ ನನ್ನ ಉತ್ತರ ನನಗೇ ಸಮಾಧಾನ ತರಲಿಲ್ಲ. ಈ ನುಡಿಗಟ್ಟು ಎಲ್ಲಿಂದ ಬಂತು ಎಂಬುದನ್ನು ತಾವು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.
– ಉಪನ್ಯಾಸಕಿ, ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಮಕ್ಕಳು ತಪ್ಪಿದ್ದು ಇಂಗ್ಲಿಷಿನಲ್ಲಿ ಮಾತ್ರ, ಕನ್ನಡದಲ್ಲಿ ಅವರು ಎಡವಲಿಲ್ಲ. ‘ಕುರ್ಚಿಗೆ ಟವೆಲ್ ಹಾಕು’ ಎಂಬುದು ನಮ್ಮ ರಾಜಕೀಯ ವರದಿಗಳಲ್ಲಿ ಬೇರೂರಿರುವ ಮಾತು, ಮತ್ತು ಅದು ಹುಟ್ಟಿದ್ದು ಬಸ್ ನಿಲ್ದಾಣದಲ್ಲಿ. ಹುಬ್ಬಳ್ಳಿಯಲ್ಲಾಗಲಿ ಗದಗಿನಲ್ಲಾಗಲಿ ಜಾತ್ರೆಯ ದಿನ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಕೈ ತೂರಿಸಿ ಸೀಟಿನ ಮೇಲೆ ಟವೆಲನ್ನೋ ದಸ್ತಿಯನ್ನೋ ಬಿಟ್ಟವನು, ಆಮೇಲೆ ಎಲ್ಲರ ಹಿಂದಿನಿಂದ ಹತ್ತಿ ಬಂದರೂ, ಆ ಸೀಟಿನ ಹಕ್ಕುದಾರ ಎಂದೇ ಜನ ಒಪ್ಪುತ್ತಾರೆ. ಅದನ್ನು ಎತ್ತಿಟ್ಟು ಕುಳಿತವನ ಮೇಲೆ ಜಗಳಕ್ಕೆ ಹೋದರೆ ಸುತ್ತಲಿನವರು ಟವೆಲಿನ ಒಡೆಯನ ಪರವಾಗಿಯೇ ಮಾತನಾಡುತ್ತಾರೆ. ಇನ್ನೂ ಖಾಲಿಯಾಗದ ಮಂತ್ರಿಗಿರಿಯ ಮೇಲೋ ಅಧ್ಯಕ್ಷ ಪದವಿಯ ಮೇಲೋ ಕಣ್ಣಿಟ್ಟು ‘ಇದು ನನಗಿರಲಿ’ ಎಂದು ಮುಂಚಿತವಾಗಿ ಸೂಚಿಸುವವರಿಗೆ ಇದೇ ಮಾತು ಹೊಂದಿಕೊಂಡಿತು. ಹೀಗಿರುವಾಗ ಅಧ್ಯಕ್ಷ ಸ್ಥಾನ, ಪೈಪೋಟಿ, ಟವೆಲ್ ಈ ಮೂರೂ ಒಂದೇ ವಾಕ್ಯದಲ್ಲಿ ಕಂಡರೆ ನಮ್ಮ ಊರಿನ ಹುಡುಗ ಬೇರೇನನ್ನು ಬರೆದಾನು?

ನಮ್ಮ ಭಾಗದವರಿಗೆ ಇನ್ನೂ ಒಂದು ತೊಡಕಿದೆ. ಧಾರವಾಡದ ಕಡೆಯ ಕನ್ನಡದಲ್ಲಿ ‘ಒಗಿ’ ಎಂದರೆ ಎಸೆ ಎಂದೂ ಅರ್ಥ, ಬಟ್ಟೆ ತೊಳೆ ಎಂದೂ ಅರ್ಥ. ‘ಟಾವೆಲ್ ಒಗದೇನ್ರಿ’ ಎಂದು ಒಬ್ಬರು ಹೇಳಿದರೆ ಅವರು ಸೀಟು ಹಿಡಿದಿರಬಹುದು, ಇಲ್ಲವೇ ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆ ತೊಳೆದು ಬಂದಿರಬಹುದು. ಸೋತೆನೆಂದು ಒಪ್ಪಿಕೊಂಡರು ಎಂಬ ಅರ್ಥವಂತೂ ಯಾರಿಗೂ ಹೊಳೆಯುವುದಿಲ್ಲ. ಇಂಗ್ಲಿಷಿನ ಮಾತಿಗೆ ಇರುವುದು ಆ ಅರ್ಥವೇ. ‘ಥ್ರೋ ಇನ್ ದ ಟವೆಲ್’ ಎಂದರೆ, ಬಹಳ ಹೊತ್ತು ಹೋರಾಡಿದ ಮೇಲೆ ಇನ್ನು ಗೆಲ್ಲಲಾಗದು ಎಂದು ಮನವರಿಕೆಯಾಗಿ ಪ್ರಯತ್ನವನ್ನು ಬಿಟ್ಟುಕೊಡುವುದು. ಅದು ಬಂದದ್ದು ಬಾಕ್ಸಿಂಗ್ ಕಣದಿಂದ.

ನಮ್ಮ ‘ಟವೆಲ್ ಹಾಕು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಸಮೀಪದ ಮಾತು ಹುಡುಕಿದರೆ ಅದೂ ಬಾಕ್ಸಿಂಗ್ ಕಣದ ಅಂಚಿನಲ್ಲಿಯೇ ಸಿಗುತ್ತದೆ, ಆದರೆ ಅಲ್ಲಿ ಎಸೆಯುವ ವಸ್ತು ಟವೆಲ್ ಅಲ್ಲ, ಟೊಪ್ಪಿಗೆ. ಹಿಂದೆ ಸಂತೆ ಜಾತ್ರೆಗಳಲ್ಲಿ ಮುಷ್ಟಿಕಾಳಗ ನಡೆಯುವಾಗ, ನೆರೆದ ಜನರ ನಡುವಿನಿಂದ ‘ನಾನು ಸೆಣಸುತ್ತೇನೆ’ ಎನ್ನುವವನು ತನ್ನ ಟೊಪ್ಪಿಗೆಯನ್ನು ಕಣದೊಳಗೆ ಎಸೆಯುತ್ತಿದ್ದನು. ಗದ್ದಲದಲ್ಲಿ ಕೂಗು ಕೇಳಿಸದಿದ್ದರೂ ಟೊಪ್ಪಿಗೆ ಕಣ್ಣಿಗೆ ಬೀಳುತ್ತಿತ್ತು. 1912ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮತ್ತೆ ಅಧ್ಯಕ್ಷ ಪದವಿಗೆ ಸ್ಪರ್ಧಿಸಲು ನಿರ್ಧರಿಸಿದಾಗ, ನನ್ನ ಟೊಪ್ಪಿಗೆ ಕಣದಲ್ಲಿದೆ ಎಂದು ಹೇಳಿದ್ದು ಪ್ರಸಿದ್ಧವಾಯಿತು. ಆದ್ದರಿಂದ ನಿಮ್ಮ ಮಕ್ಕಳಿಗೆ ಹೀಗೆ ಹೇಳಿ ನೋಡಿ: ನಮ್ಮ ಟವೆಲಿನ ಕೆಲಸವನ್ನು ಇಂಗ್ಲಿಷಿನಲ್ಲಿ ಟೊಪ್ಪಿಗೆ ಮಾಡುತ್ತದೆ, ಅವರ ಟವೆಲಿನ ಕೆಲಸಕ್ಕೆ ನಮ್ಮಲ್ಲಿ ಬಟ್ಟೆಯೇ ಬೇಕಿಲ್ಲ, ಬರಿಯ ಕೈ ಸಾಕು, ನಾವು ‘ಕೈಚೆಲ್ಲಿದ’ ಎನ್ನುತ್ತೇವೆ.

ಇನ್ನು ಮೂಲಕ್ಕೆ ಬರೋಣ. ಇಂಗ್ಲೆಂಡಿನ ಹಳೆಯ ಮುಷ್ಟಿಕಾಳಗ ಇಂದಿನ ಬಾಕ್ಸಿಂಗಿನಂತೆ ಗಡಿಯಾರವನ್ನು ಅವಲಂಬಿಸಿರಲಿಲ್ಲ. ಕೈಗವಸು ಇರಲಿಲ್ಲ. ಒಬ್ಬನು ನೆಲಕ್ಕೆ ಬಿದ್ದರೆ ಒಂದು ಸುತ್ತು ಮುಗಿಯಿತೆಂದು ಲೆಕ್ಕ. ಅದು ಅರ್ಧ ನಿಮಿಷದಲ್ಲಿ ಮುಗಿಯಬಹುದಿತ್ತು, ಅರ್ಧ ಗಂಟೆ ನಡೆಯಲೂಬಹುದಿತ್ತು. ಲಂಡನ್ನಿನಲ್ಲಿ ಕಾಳಗಗಳನ್ನು ನಡೆಸುತ್ತಿದ್ದ ಜ್ಯಾಕ್ ಬ್ರೌಟನ್ 1743ರಲ್ಲಿ ಬರೆದಿಟ್ಟ ನಿಯಮಗಳೇ ಈ ಆಟದ ಮೊದಲ ಲಿಖಿತ ನಿಯಮಗಳು. ವೇದಿಕೆಯ ನಡುವೆ ಸುಣ್ಣದಿಂದ ಒಂದು ಗಜದ ಚೌಕ ಬರೆಯಬೇಕು. ಒಬ್ಬನು ಬಿದ್ದ ಮೇಲೆ ಅವನ ಸಹಾಯಕನು ಅರ್ಧ ನಿಮಿಷದೊಳಗೆ ಅವನನ್ನು ಆ ಚೌಕದ ಅಂಚಿಗೆ ತಂದು ನಿಲ್ಲಿಸದಿದ್ದರೆ ಅವನು ಸೋತಂತೆ. ಇದರ ಜೊತೆಗೆ ಬ್ರೌಟನ್ ಇನ್ನೊಂದು ಮಾತನ್ನು ಸೇರಿಸಿದ್ದನು, ಮತ್ತು ನಮ್ಮ ವಿಷಯಕ್ಕೆ ಬೇಕಾದದ್ದು ಅದೇ: ಹೊತ್ತಿಗೆ ಸರಿಯಾಗಿ ಗೆರೆಗೆ ಬಾರದಿದ್ದಾಗ, ಇಲ್ಲವೇ ಅವನ ಸಹಾಯಕನೇ ಅವನು ಸೋತನೆಂದು ಸಾರಿದಾಗ ಮಾತ್ರ ಒಬ್ಬ ಕಾಳಗಗಾರನನ್ನು ಸೋತವನೆಂದು ಎಣಿಸಬೇಕು. ಟವೆಲ್ ಬರಲು ಇನ್ನೂ ನೂರೈವತ್ತು ವರ್ಷ ಬೇಕಿತ್ತು, ಆದರೆ ಟವೆಲಿನ ಹಿಂದಿರುವ ಅಧಿಕಾರ ಆ ದಿನವೇ ಕಾಗದದ ಮೇಲೆ ಬಂದಿತು. ಸೋಲನ್ನು ಸಾರುವ ಹಕ್ಕು ಹೊಡೆತ ತಿನ್ನುವವನದಷ್ಟೇ ಅಲ್ಲ, ಅವನ ಬೆನ್ನ ಹಿಂದೆ ನಿಂತವನದೂ ಹೌದು.

1838ರ ಲಂಡನ್ ನಿಯಮಗಳು ಇದನ್ನು ಬಿಗಿಗೊಳಿಸಿದವು. ಎಂಟು ಗೂಟ ನೆಟ್ಟು ಹಗ್ಗ ಬಿಗಿದ 24 ಅಡಿಯ ಚೌಕ ಕಣ. ಬಿದ್ದವನಿಗೆ ಮೂವತ್ತು ಸೆಕೆಂಡಿನ ವಿಶ್ರಾಂತಿ. ಆಮೇಲೆ ಎಂಟು ಸೆಕೆಂಡಿನೊಳಗೆ ಯಾರ ನೆರವೂ ಇಲ್ಲದೆ ತಾನೇ ನಡೆದು ನಡುವಿನ ಗೆರೆಗೆ ಬಂದು ನಿಲ್ಲಬೇಕು. ಮಟ್ಟಕ್ಕೆ ತಕ್ಕಂತಿರುವುದು ಎಂಬ ಅರ್ಥದಲ್ಲಿ ನಿಮ್ಮ ವಿದ್ಯಾರ್ಥಿಗಳು ಓದುವ ‘ಅಪ್ ಟು ಸ್ಕ್ರ್ಯಾಚ್’ ಎಂಬ ಮಾತು ಈ ಗೆರೆಯಿಂದಲೇ ಬಂದದ್ದು. ಪ್ರತಿಯೊಬ್ಬ ಕಾಳಗಗಾರನ ಕಡೆಗೂ ಇಬ್ಬರು ಇರುತ್ತಿದ್ದರು: ಒಬ್ಬನು ಬಿದ್ದವನನ್ನು ಎತ್ತಿ ಕೂರಿಸುವವನು, ಇನ್ನೊಬ್ಬನು ನೀರಿನ ಬಾಟಲಿ ಮತ್ತು ಸ್ಪಂಜು ಹಿಡಿದವನು. ಆ ಮೂವತ್ತು ಸೆಕೆಂಡಿನಲ್ಲಿ ಮುಖದ ರಕ್ತ ಒರೆಸಿ, ನೆತ್ತಿಗೆ ತಣ್ಣೀರು ಹಿಂಡಿ, ಕಣ್ಣು ಬಿಡಿಸಿ ಮತ್ತೆ ಕಣಕ್ಕೆ ಕಳಿಸುವುದು ಇವರ ಕೆಲಸವಾಗಿತ್ತು. ಇನ್ನು ಕಳಿಸಲಾಗದು ಎನ್ನಿಸಿದಾಗ ಕೈಯಲ್ಲಿದ್ದ ಸ್ಪಂಜನ್ನೇ ಎಲ್ಲರಿಗೂ ಕಾಣುವಂತೆ ಮೇಲಕ್ಕೆ ಎಸೆಯುತ್ತಿದ್ದರು. ಒರೆಸುವ ಕೆಲಸ ಮುಗಿಯಿತು, ಸ್ಪಂಜಿನ ಅಗತ್ಯ ಇನ್ನಿಲ್ಲ ಎಂದು ಅದರ ತಾತ್ಪರ್ಯ. ‘ಥ್ರೋ ಅಪ್ ದ ಸ್ಪಂಜ್’ ಎಂಬ ಮಾತು 1860ರ ಹೊತ್ತಿಗೆ ಲಂಡನ್ನಿನಲ್ಲಿ ಜಾನ್ ಕ್ಯಾಮ್ಡೆನ್ ಹಾಟನ್ ಹೊರತಂದ ಬೀದಿ ಮಾತುಗಳ ನಿಘಂಟನ್ನು ಸೇರಿತ್ತು, ಸೋಲೊಪ್ಪಿಕೊಳ್ಳುವುದು ಎಂಬ ಅರ್ಥದಲ್ಲಿಯೇ.

ಅಂಥ ಕಾಳಗಗಳು ಎಷ್ಟು ಹೊತ್ತು ನಡೆಯುತ್ತಿದ್ದವು ಎಂಬುದನ್ನು ತಿಳಿದರೆ ಸ್ಪಂಜಿನ ಬೆಲೆ ತಿಳಿಯುತ್ತದೆ. 1855ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಜೇಮ್ಸ್ ಕೆಲಿ ಮತ್ತು ಜೊನಾಥನ್ ಸ್ಮಿತ್ ನಡುವೆ ನಡೆದ ಕಾಳಗ 6 ಗಂಟೆ 15 ನಿಮಿಷ ನಡೆಯಿತು. ಬರಿಗೈಯ ಕಾಳಗದ ಕೊನೆಯ ದೊಡ್ಡ ಪಂದ್ಯವೆಂದು ಹೆಸರಾದದ್ದು 1889ರ ಜುಲೈ 8ರಂದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸುಡುಬಿಸಿಲಿನಲ್ಲಿ ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್‌ರೇನ್ ನಡುವೆ ನಡೆದದ್ದು. ಎರಡು ಗಂಟೆಗೂ ಹೆಚ್ಚು ಕಾಲ, 75 ಸುತ್ತುಗಳವರೆಗೆ ಅವರು ಸೆಣಸಿದರು. ಕಿಲ್‌ರೇನ್ ಮತ್ತೆ ಎದ್ದು ಹೋಗಲು ಸಿದ್ಧನಿದ್ದನು. ಇನ್ನೊಂದು ಸುತ್ತಿಗೆ ಕಳಿಸಿದರೆ ಇವನು ಸತ್ತೇಹೋದಾನು ಎಂದು ಅಂಜಿದ ಅವನ ಸಹಾಯಕ ಮೈಕ್ ಡೊನೊವನ್ ಸೋಲನ್ನು ಸಾರಿಬಿಟ್ಟನು.

ಸ್ಪಂಜಿನ ಜಾಗಕ್ಕೆ ಟವೆಲ್ ಬಂದದ್ದು ಆಟದ ಸ್ವರೂಪ ಬದಲಾದ ಮೇಲೆ. ಜಾನ್ ಗ್ರಹಾಂ ಚೇಂಬರ್ಸ್ ರಚಿಸಿ, ಕ್ವೀನ್ಸ್‌ಬೆರಿಯ ಮಾರ್ಕ್ವೆಸ್ ಎಂಬ ಶ್ರೀಮಂತನ ಹೆಸರಿನಲ್ಲಿ 1867ರಲ್ಲಿ ಪ್ರಕಟವಾದ ನಿಯಮಗಳು ಕೈಗವಸನ್ನು ಕಡ್ಡಾಯಗೊಳಿಸಿದವು. ಮೂರು ನಿಮಿಷಕ್ಕೆ ಒಂದು ಸುತ್ತು, ನಡುವೆ ಒಂದು ನಿಮಿಷ ವಿಶ್ರಾಂತಿ, ಬಿದ್ದವನಿಗೆ ಹತ್ತು ಸೆಕೆಂಡಿನ ಎಣಿಕೆ. ಆ ಒಂದು ನಿಮಿಷದ ವಿಶ್ರಾಂತಿಯಲ್ಲಿ ಮೂಲೆಯಲ್ಲಿ ಕುಳಿತವನ ಬೆವರು ಒರೆಸುವುದಕ್ಕೂ, ಎರಡೂ ಕೈಯಲ್ಲಿ ಹಿಡಿದು ಬೀಸಿ ಗಾಳಿ ಹಾಕುವುದಕ್ಕೂ ಟವೆಲ್ ಬೇಕಾಯಿತು. ಕೈಗೆ ಹತ್ತಿರವಿದ್ದದ್ದನ್ನೇ ಎಸೆಯುವುದು ಸಹಜ. 1913ರ ವೇಳೆಗೆ ಅಮೆರಿಕದ ಪತ್ರಿಕಾ ವರದಿಗಳಲ್ಲಿ ಸೋಲಿನ ಗುರುತಾಗಿ ಮೂಲೆಯಿಂದ ಟವೆಲ್ ಎಸೆದ ಪ್ರಸಂಗಗಳು ಕಾಣಿಸಿಕೊಂಡವು; ಬೇಗನೆ ಆ ಮಾತು ಕಣದ ಹೊರಗಿನ ಬದುಕಿಗೂ ಬಂದಿತು.

ನಿಮ್ಮ ಮಕ್ಕಳಿಗೆ ವ್ಯಾಕರಣವನ್ನೂ ಇಲ್ಲಿಯೇ ತೋರಿಸಬಹುದು. ಸ್ಪಂಜು ಮೇಲಕ್ಕೆ ಹೋಗುತ್ತಿತ್ತು, ಆದ್ದರಿಂದ ಅಲ್ಲಿ ‘ಅಪ್’. ಟವೆಲ್ ಹಗ್ಗದ ಹೊರಗಿನಿಂದ ಕಣದ ಒಳಕ್ಕೆ ಬರುತ್ತದೆ, ಆದ್ದರಿಂದ ಇಲ್ಲಿ ‘ಇನ್’. ಆ ಪುಟ್ಟ ಪದವನ್ನು ಬಿಟ್ಟರೆ ಇಂಗ್ಲಿಷಿನಲ್ಲಿಯೂ ಅದು ಬರಿದೆ ಟವೆಲ್ ಬಿಸಾಡಿದಂತಾಗುತ್ತದೆಯೇ ಹೊರತು ಸೋಲೊಪ್ಪಿದಂತಾಗುವುದಿಲ್ಲ.

ಪ್ರಶ್ನೆ: ಪೂಜ್ಯರೆ, ನಾನು ಯೌವನದಲ್ಲಿ ಗದಗ ಜಿಲ್ಲೆಯ ಜಾತ್ರೆಗಳಲ್ಲಿ ಕುಸ್ತಿ ಹಿಡಿದವನು. ಈಗ ಮೊಮ್ಮಗನೊಡನೆ ಟಿ.ವಿ.ಯಲ್ಲಿ ಬಾಕ್ಸಿಂಗ್ ನೋಡುತ್ತೇನೆ. ಒಳಗೆ ಸೆಣಸುತ್ತಿರುವವನು ಇನ್ನೂ ನಿಂತಿರುವಾಗಲೇ ಹೊರಗಿನವನು ಟವೆಲ್ ಎಸೆದು ಸೋಲೊಪ್ಪಿಸುವುದು ನನಗೆ ಸರಿಕಾಣಲಿಲ್ಲ. ನಮ್ಮ ಕಣದಲ್ಲಿ ಒಬ್ಬನ ಸೋಲನ್ನು ಇನ್ನೊಬ್ಬನು ಒಪ್ಪಿಕೊಳ್ಳುವ ಪದ್ಧತಿ ಇರಲಿಲ್ಲ. ಇದು ಪೈಲ್ವಾನನಿಗೆ ಅಪಮಾನವಲ್ಲವೇ?
– ಹಿರಿಯ ಓದುಗರು, ಮುಂಡರಗಿ, ಗದಗ ಜಿಲ್ಲೆ

ಉತ್ತರ: ಹಿರಿಯರಾದ ತಾವು ಕಣದ ಮಣ್ಣು ಕಂಡವರು, ತಮ್ಮ ಪ್ರಶ್ನೆಗೆ ಉತ್ತರವೂ ಆ ಮಣ್ಣಿನಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಕುಸ್ತಿಗೆ ಅದರದ್ದೇ ಆದ ಕೊನೆಯಿದೆ. ಬೆನ್ನಿಗೆ ಮಣ್ಣು ಹತ್ತಿದರೆ ಕುಸ್ತಿ ಮುಗಿಯಿತು. ಸೋಲು ಗೆಲುವು ತೀರ್ಮಾನವಾಗುವವರೆಗೂ ನಡೆಯುವ ಜಂಗೀ ನಿಕಾಲಿ ಕುಸ್ತಿಯಲ್ಲಿ ಎಷ್ಟೇ ಹೊತ್ತಾಗಲಿ, ಒಬ್ಬನು ಚಿತ್ ಆದ ಗಳಿಗೆಯಲ್ಲಿ ಹಲಗೆಯ ಸದ್ದು ಏರುತ್ತದೆ, ಜನ ಏಳುತ್ತಾರೆ, ತೀರ್ಪನ್ನು ಯಾರೂ ಸಾರಬೇಕಾಗಿಲ್ಲ. ಬೆನ್ನ ಮೇಲಿನ ಕೆಮ್ಮಣ್ಣೇ ತೀರ್ಪು. ಆದ್ದರಿಂದಲೇ ನಮ್ಮ ಭಾಷೆಯಲ್ಲಿ ಸೋಲಿನ ಹಲವು ಮಾತುಗಳು ಮಣ್ಣಿನ ಮಾತುಗಳು: ಮಣ್ಣು ಮುಕ್ಕಿಸಿದ, ಮಣ್ಣು ಕಚ್ಚಿದ, ನೆಲ ಕಚ್ಚಿದ. ‘ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯನ್ನು ಜಂಬದವರ ಬಗ್ಗೆ ಹೇಳುತ್ತೇವೆ. ಆದರೆ ಕುಸ್ತಿಯನ್ನು ಕಣ್ಣ ಮುಂದಿಟ್ಟುಕೊಂಡು ನೋಡಿದರೆ ಅದು ಎಷ್ಟು ಕರಾರುವಾಕ್ಕಾದ ಮಾತು ಎಂಬುದು ತಿಳಿಯುತ್ತದೆ. ಚಿತ್ ಆಗಿ ಬಿದ್ದವನ ಮೀಸೆ ಆಕಾಶದ ಕಡೆಗೆ ಇರುತ್ತದೆ. ಅದಕ್ಕೆ ಮಣ್ಣು ಹತ್ತಿರುವುದಿಲ್ಲ ಎಂಬುದು ಅಕ್ಷರಶಃ ನಿಜ, ಮತ್ತು ಅವನು ಸೋತಿರುವುದೂ ಅಷ್ಟೇ ನಿಜ.

ಬಾಕ್ಸಿಂಗಿಗೆ ಇಂಥ ಸಹಜವಾದ ಕೊನೆಯಿಲ್ಲ. ಅಲ್ಲಿ ಪ್ರಜ್ಞೆ ಅರ್ಧ ಹೋಗಿದ್ದರೂ ಕಾಲು ನಿಂತಿರುತ್ತದೆ. ನಿಂತಿರುವಷ್ಟು ಹೊತ್ತು ಹೊಡೆತ ಬೀಳುತ್ತಲೇ ಇರುತ್ತದೆ. ಬೀಳುವ ಹೊಡೆತಗಳಲ್ಲಿ ಹಲವು ತಲೆಗೇ. ಇನ್ನು ಸಾಕು ಎಂದು ತೀರ್ಮಾನಿಸಬೇಕಾದ ಬುದ್ಧಿಗೇ ಮೊದಲ ಪೆಟ್ಟು ಬಿದ್ದಿರುತ್ತದೆ. ಆದ್ದರಿಂದ ಆ ತೀರ್ಮಾನವನ್ನು ಹೊಡೆತ ತಿನ್ನದವನೊಬ್ಬನ ಕೈಗೆ ಕೊಡಬೇಕಾಯಿತು. ಇದರಲ್ಲಿ ಅಪಮಾನವನ್ನು ನಾನು ಕಾಣುವುದಿಲ್ಲ.

1982ರ ನವೆಂಬರ್ 13ರಂದು ಲಾಸ್ ವೇಗಸ್ಸಿನಲ್ಲಿ ದಕ್ಷಿಣ ಕೊರಿಯಾದ ಕಿಮ್ ದುಕ್ ಕೂ ಎಂಬ ಇಪ್ಪತ್ತರ ಹರೆಯದ ಬಾಕ್ಸರ್ ರೇ ಮ್ಯಾನ್ಸಿನಿಯ ಎದುರು 14ನೆಯ ಸುತ್ತಿನವರೆಗೆ ನಿಂತನು. ಆ ಸುತ್ತಿನಲ್ಲಿ ಬಿದ್ದವನು ಎದ್ದನು, ರೆಫರಿ ಪಂದ್ಯ ನಿಲ್ಲಿಸಿದರು, ಕೆಲವೇ ದಿನಗಳಲ್ಲಿ ಅವನು ಮೆದುಳಿನ ಪೆಟ್ಟಿನಿಂದ ತೀರಿಕೊಂಡನು. ಆ ಸಾವಿನ ನಂತರ ವಿಶ್ವ ಬಾಕ್ಸಿಂಗ್ ಕೌನ್ಸಿಲ್ ತನ್ನ ಪ್ರಶಸ್ತಿ ಪಂದ್ಯಗಳನ್ನು 15 ಸುತ್ತಿನಿಂದ 12 ಸುತ್ತಿಗೆ ಇಳಿಸಿತು. ಅದಕ್ಕೂ ಏಳು ವರ್ಷ ಮೊದಲು, 1975ರ ಅಕ್ಟೋಬರ್ 1ರಂದು ಮನಿಲಾದ ಬಳಿ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ 14 ಸುತ್ತು ಕಾದಾಡಿದ್ದರು. ಫ್ರೇಜಿಯರ್‌ನ ಕಣ್ಣುಗಳು ಊದಿಕೊಂಡು ಎದುರಿನ ಹೊಡೆತ ಕಾಣದಂತಾಗಿತ್ತು. ಉಳಿದದ್ದು ಒಂದೇ ಸುತ್ತು, ಅಂದರೆ ಮೂರೇ ನಿಮಿಷ. ಅವನು ಏಳಲು ಹೊರಟನು. ಅವನ ತರಬೇತುದಾರ ಎಡ್ಡಿ ಫಚ್ ಕಳಿಸಲಿಲ್ಲ. ಅಂದು ಟವೆಲ್ ಹಾರಲಿಲ್ಲ, ಮೂಲೆಯಿಂದ ಒಂದು ಮಾತು ಹೋಯಿತು ಅಷ್ಟೇ, ಆದರೆ ಕ್ರಿಯೆ ಅದೇ. ಫ್ರೇಜಿಯರ್ ಅದಾದ ಮೇಲೆ ಮೂವತ್ತಾರು ವರ್ಷ ಬದುಕಿದನು.

ಟವೆಲಿಗೆ ಎಲ್ಲೆಡೆಯೂ ನಿಯಮದ ಬಲವಿರಲಿಲ್ಲ ಎಂಬುದನ್ನೂ ಹೇಳಬೇಕು. 1938ರ ಜೂನ್ 22ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಜೋ ಲೂಯಿಸ್ ಎದುರು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಮೊದಲ ಸುತ್ತಿನಲ್ಲಿಯೇ ಮತ್ತೆ ಮತ್ತೆ ನೆಲಕ್ಕುರುಳಿದಾಗ ಅವನ ತರಬೇತುದಾರನು ಟವೆಲ್ ಎಸೆದನು. ನ್ಯೂಯಾರ್ಕಿನ ನಿಯಮಗಳು ಟವೆಲನ್ನು ಮಾನ್ಯ ಮಾಡುತ್ತಿರಲಿಲ್ಲ. ರೆಫರಿ ಆರ್ಥರ್ ಡೊನೊವನ್ ಅದನ್ನು ಎತ್ತಿ ಹಗ್ಗದ ಕಡೆಗೆ ಎಸೆದರು, ಎಣಿಕೆಗೆ ತೊಡಗಿದರು, ಆಮೇಲೆ ತಾವೇ ಪಂದ್ಯ ನಿಲ್ಲಿಸಿದರು. ಇಷ್ಟೂ ನಡೆದದ್ದು 124 ಸೆಕೆಂಡುಗಳಲ್ಲಿ. ಇಂದಿಗೂ ಪಂದ್ಯವನ್ನು ನಿಲ್ಲಿಸುವ ಅಂತಿಮ ಅಧಿಕಾರ ಸಾಮಾನ್ಯವಾಗಿ ರೆಫರಿಯದೇ; ಟವೆಲ್ ಮೂಲೆಯವರು ಅವರಿಗೆ ಕಳಿಸುವ ವಿನಂತಿ.

ತಮ್ಮ ಅಸಮಾಧಾನವನ್ನು ಬಾಕ್ಸರುಗಳೂ ಹಂಚಿಕೊಂಡಿದ್ದಾರೆ. 2020ರ ಫೆಬ್ರವರಿ 22ರಂದು ಟೈಸನ್ ಫ್ಯೂರಿ ಎದುರು ಡಿಯೊಂಟೆ ವೈಲ್ಡರ್ ಏಳನೆಯ ಸುತ್ತಿನಲ್ಲಿ ಮೂಲೆಗೆ ಸಿಕ್ಕಿ ಹೊಡೆತ ತಿನ್ನುತ್ತಿದ್ದಾಗ ಅವನ ಮೂಲೆಯಲ್ಲಿದ್ದ ಮಾರ್ಕ್ ಬ್ರೆಲಂಡ್ ಟವೆಲ್ ಎಸೆದನು. ಬ್ರೆಲಂಡ್ ಸ್ವತಃ ಒಲಿಂಪಿಕ್ ಚಿನ್ನ ಗೆದ್ದ ಬಾಕ್ಸರ್. ವೈಲ್ಡರ್ ಇದನ್ನು ಕ್ಷಮಿಸಲಿಲ್ಲ; ಬ್ರೆಲಂಡನನ್ನು ತನ್ನ ತಂಡದಿಂದ ಕೈಬಿಟ್ಟನು. ಕೆಲಸ ಹೋದರೂ ಸರಿ ಎಂದು ತಾನು ಸಾಕಿದವನನ್ನು ಉಳಿಸಿಕೊಂಡ ಬ್ರೆಲಂಡನ ಮೇಲೆಯೇ ನನ್ನ ಗೌರವ ಹೆಚ್ಚು.

ನಮ್ಮ ಕಣದಲ್ಲಿಯೂ ಇದು ಪೂರ್ತಿ ಇರಲಿಲ್ಲವೆಂದು ಹೇಳಲಾರೆ. ನಾನು ಎಂಟೋ ಒಂಬತ್ತೋ ವರ್ಷದವನಿದ್ದಾಗ ಅಜ್ಜನ ಹೆಗಲ ಮೇಲೆ ಕುಳಿತು ಧಾರವಾಡದ ಹತ್ತಿರದ ಒಂದು ಹಳ್ಳಿಯ ಜಾತ್ರೆಯ ಕುಸ್ತಿ ನೋಡುತ್ತಿದ್ದೆ. ಹುಡುಗನೊಬ್ಬನ ಭುಜ ಎದುರಾಳಿಯ ಪಟ್ಟಿಗೆ ಸಿಕ್ಕಿ ತಿರುಚಿಕೊಂಡಿತ್ತು. ಹುಡುಗ ಬೆನ್ನು ತೋರಿಸಲಿಲ್ಲ, ಕೂಗಲೂ ಇಲ್ಲ. ಅವನ ತಾಲೀಮಿನ ವಸ್ತಾದ ಕಣದೊಳಗೆ ನಡೆದು ಹೋಗಿ ಎದುರಾಳಿಯ ಬೆನ್ನು ತಟ್ಟಿ, ಅವನ ಕೈಯನ್ನು ತಾನೇ ಮೇಲೆತ್ತಿ ಗೆದ್ದನೆಂದು ತೋರಿಸಿ, ತನ್ನ ಹುಡುಗನನ್ನು ಹೊರಗೆ ಕರೆದುಕೊಂಡು ಬಂದರು. ಜನ ಸಿಳ್ಳೆ ಹಾಕಿ ಹೀಯಾಳಿಸಿದರು. ಅಜ್ಜ ಮಾತ್ರ ‘ಹುಡುಗನ ತೋಳು ಉಳಿಸಿದಾ ನೋಡು, ಅಂವಾ ಖರೇ ವಸ್ತಾದ’ ಎಂದರು. ಅಂದು ವಸ್ತಾದರ ಹೆಗಲ ಮೇಲೆ ಟವೆಲ್ ಇತ್ತೆಂಬುದು ನೆನಪಿದೆ. ಅದನ್ನು ಅವರು ಎಸೆಯಲಿಲ್ಲ. ಹೊರಗೆ ಬಂದ ಮೇಲೆ ಹುಡುಗನ ತೋಳಿಗೆ ಜೋಳಿಗೆಯಂತೆ ಕಟ್ಟಿದರು.

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ಇತ್ತೀಚೆಗೆ ಉಪಸಂಪಾದಕನಾಗಿ ಸೇರಿದ್ದೇನೆ. ಸುದ್ದಿ ಸಂಸ್ಥೆಗಳ ಇಂಗ್ಲಿಷ್ ವರದಿಗಳಲ್ಲಿ ಈ ನುಡಿಗಟ್ಟು ಮತ್ತೆ ಮತ್ತೆ ಬರುತ್ತದೆ. ಒಮ್ಮೆ ‘ಟವೆಲ್ ಎಸೆದ ತಂಡ’ ಎಂದು ತಲೆಬರಹ ಕೊಟ್ಟು ಹಿರಿಯರಿಂದ ಬೈಸಿಕೊಂಡೆ. ಇದಕ್ಕೆ ಸರಿಯಾದ ಕನ್ನಡ ಯಾವುದು?
– ಉಪಸಂಪಾದಕ, ಹುಬ್ಬಳ್ಳಿ

ಉತ್ತರ: ಒಂದೇ ಮಾತಿನಲ್ಲಿ ಉತ್ತರ ಬೇಕಾದರೆ ‘ಕೈಚೆಲ್ಲು’. ತಲೆಬರಹಕ್ಕೆ ಹಿಡಿಸುವಷ್ಟು ಚಿಕ್ಕದು, ಓದುಗರಿಗೆ ತಿಳಿದದ್ದು. ಆದರೆ ಎಲ್ಲ ಕಡೆಗೂ ಅದನ್ನೇ ಹಚ್ಚಬೇಡಿ. ಇಂಗ್ಲಿಷ್ ಮಾತಿನೊಳಗೆ ಒಂದು ನಿಯಮ ಅಡಗಿದೆ: ಕಣಕ್ಕೆ ಇಳಿದವನ ಪರವಾಗಿ ಮಾತ್ರ ಟವೆಲ್ ಎಸೆಯಬಹುದು. ‘ಕೈಚೆಲ್ಲು’ ಎಂಬುದನ್ನು ನಾವು ಪ್ರಯತ್ನವನ್ನೇ ಮಾಡದೆ ನಿರಾಶೆಯಿಂದ ಕುಳಿತವನಿಗೂ ಬಳಸುತ್ತೇವೆ. ಆದ್ದರಿಂದ ಹೋರಾಟದ ಸುಳಿವನ್ನು ವಾಕ್ಯದಲ್ಲಿ ಬೇರೆಯಾಗಿ ತರಬೇಕು. ನಾಲ್ಕು ದಿನ ಸೆಣಸಿ ಸೋತ ಕ್ರಿಕೆಟ್ ತಂಡವಾದರೆ ‘ಕೊನೆಗೂ ಕೈಚೆಲ್ಲಿತು’ ಎನ್ನಿ. ಆ ‘ಕೊನೆಗೂ’ ಎಂಬುದೇ ಹಿಂದಿನ ನಾಲ್ಕು ದಿನವನ್ನು ಹೇಳುತ್ತದೆ. ಮೂರು ವರ್ಷ ನಷ್ಟ ತಡೆದುಕೊಂಡು ಆಮೇಲೆ ಬಾಗಿಲು ಹಾಕಿದ ಅಂಗಡಿಯವರ ಬಗ್ಗೆ ಬರೆಯುವಾಗ ‘ಇನ್ನು ಆಗದೆಂದು ಬಾಗಿಲು ಹಾಕಿದರು’ ಎಂಬ ಸಾದಾ ವಾಕ್ಯವೇ ಮೇಲು. ನಷ್ಟದ ಬಾಗಿಲಿನ ಮುಂದೆ ನುಡಿಗಟ್ಟಿನ ಅಲಂಕಾರ ಒಪ್ಪುವುದಿಲ್ಲ.

ಚುನಾವಣೆಯ ಸುದ್ದಿಯಾದರೆ ‘ಕಣದಿಂದ ಹಿಂದೆ ಸರಿದರು’ ಎನ್ನುವುದು ಸಾಕು, ಮತ್ತು ‘ಕಣ’ ಎಂಬ ಪದ ಹೇಗೂ ಕುಸ್ತಿಯ ನೆನಪನ್ನು ಹೊತ್ತು ತರುತ್ತದೆ. ಇಲ್ಲಿ ಟವೆಲ್ ಎಂಬ ಪದವನ್ನಂತೂ ಬಳಸಲೇಬಾರದು. ಅಧ್ಯಕ್ಷ ಸ್ಥಾನದ ಆಸೆ ಬಿಟ್ಟವರ ಬಗ್ಗೆ ‘ಟವೆಲ್ ಎಸೆದರು’ ಎಂದು ಬರೆದರೆ ಬ್ಯಾಡಗಿಯ ಮಕ್ಕಳಂತೆಯೇ ನಮ್ಮ ಓದುಗರೂ ಅವರು ಆ ಸ್ಥಾನವನ್ನು ಕೇಳುತ್ತಿದ್ದಾರೆಂದು ತಿಳಿಯುತ್ತಾರೆ, ಸುದ್ದಿ ಸುಳ್ಳಾಗುತ್ತದೆ. ನಿಮ್ಮ ಹಿರಿಯರು ಬೈದದ್ದು ಶೈಲಿಗಾಗಿ ಇರಬಹುದು, ಆದರೆ ತಪ್ಪು ಸಂಗತಿಯ ಮಟ್ಟದ್ದು. ‘ಶರಣಾದರು’ ಎಂಬ ಪದವನ್ನೂ ಎಚ್ಚರದಿಂದ ಬಳಸಿ. ಶರಣಾಗುವುದು ಎದುರಾಳಿಯ ಎದುರು ತಲೆಬಾಗುವುದು. ಟವೆಲ್ ಎಸೆಯುವುದು ಎದುರಾಳಿಗೆ ತಲೆಬಾಗುವುದಲ್ಲ, ಆಟ ಇಲ್ಲಿಗೆ ಸಾಕೆಂದು ಹೇಳುವುದು. ನಮ್ಮ ಸಂತ ಪರಂಪರೆಯ ನಾಡಿನಲ್ಲಿ ‘ಶರಣ’ ಎಂಬ ಪದಕ್ಕೆ ಬೇರೆಯೇ ಗೌರವವಿದೆ, ಅದನ್ನು ಕ್ರೀಡಾಪುಟದಲ್ಲಿ ಸವೆಸುವುದು ನನಗೆ ಇಷ್ಟವಿಲ್ಲ.

ಮೂಲದ ಅರ್ಥವೇ ಮುಖ್ಯವಾಗಿರುವ ವರದಿಗಳೂ ಬರುತ್ತವೆ. ಗಾಯಗೊಂಡ ಆಟಗಾರ್ತಿ ಆಡುತ್ತೇನೆಂದು ಹಟ ಹಿಡಿದಿದ್ದರೂ ತರಬೇತುದಾರರು ಅವಳನ್ನು ಹೊರಗೆ ಕರೆಸಿಕೊಂಡರು ಎಂಬ ಸುದ್ದಿಯಲ್ಲಿ ಈ ನುಡಿಗಟ್ಟು ಬಂದರೆ ‘ಕೈಚೆಲ್ಲಿದರು’ ಎನ್ನುವುದು ಆ ತರಬೇತುದಾರರಿಗೆ ಮಾಡುವ ಅನ್ಯಾಯ. ಅಲ್ಲಿ ‘ಇನ್ನು ಸಾಕೆಂದು ಹಿಂದಕ್ಕೆ ಕರೆಸಿಕೊಂಡರು’ ಎಂದೇ ಬರೆಯಿರಿ.

ಹಳೆಯ ಪದಗಳ ಮೇಲೆ ಪ್ರೀತಿಯಿರುವವರು ‘ಹುಲ್ಲು ಕಚ್ಚು’ ಎಂಬುದನ್ನು ನೆನೆಯುತ್ತಾರೆ. ಯುದ್ಧದಲ್ಲಿ ಸೋತವನು ಬಾಯಲ್ಲಿ ಹುಲ್ಲೆಸಳು ಕಚ್ಚಿಕೊಂಡರೆ, ಇಲ್ಲವೇ ಹುತ್ತವನ್ನು ಏರಿ ನಿಂತರೆ, ಅವನನ್ನು ಕೊಲ್ಲಬಾರದೆಂಬ ಸಂಪ್ರದಾಯದ ಮಾತು ನಮ್ಮ ಹಳಗನ್ನಡ ಕಾವ್ಯಗಳಲ್ಲಿ ಬರುತ್ತದೆ. ಕೂಗಿದರೆ ಕೇಳಿಸದ ಗದ್ದಲದಲ್ಲಿ ಕಣ್ಣಿಗೆ ಕಾಣುವ ಗುರುತು, ಆ ಗುರುತು ಕಂಡ ಕೂಡಲೇ ಹೊಡೆತ ನಿಲ್ಲಬೇಕೆಂಬ ಕಟ್ಟಳೆ, ಇವೆರಡರಲ್ಲಿಯೂ ಹುಲ್ಲು ಮತ್ತು ಟವೆಲ್ ಒಂದೇ. ವ್ಯತ್ಯಾಸವೆಂದರೆ ಹುಲ್ಲನ್ನು ಸೋತವನೇ ಕಚ್ಚಬೇಕಿತ್ತು. ಇಂದಿನ ಸುದ್ದಿಪುಟದಲ್ಲಿ ಈ ಮಾತು ಕಷ್ಟವಾದೀತು, ಆದರೆ ಭಾನುವಾರದ ಪುರವಣಿಯ ಲೇಖನದಲ್ಲಿ ಒಮ್ಮೆ ಪ್ರಯತ್ನಿಸಿ ನೋಡಿ. ಮರೆತುಹೋದ ಪದವೊಂದು ನಿಮ್ಮ ಕೈಯಿಂದ ಮರಳಿ ಬಂದರೆ ನನಗೆ ಬಹಳ ಸಂತೋಷವಾಗುತ್ತದೆ.

ಪ್ರಶ್ನೆ: ಬಾಕ್ಸಿಂಗಿನಲ್ಲಿ ಎಸೆಯುವ ಟವೆಲ್ ಬಿಳಿಯದಾಗಿರುತ್ತದೆ. ಯುದ್ಧದಲ್ಲಿ ಶರಣಾಗತಿಗೆ ತೋರಿಸುವ ಬಿಳಿ ಬಾವುಟದಿಂದಲೇ ಈ ಪದ್ಧತಿ ಬಂದಿರಬಹುದೇ?
– ವಿದ್ಯಾರ್ಥಿ, ನವಲಗುಂದ, ಧಾರವಾಡ ಜಿಲ್ಲೆ

ಉತ್ತರ: ಇಲ್ಲ. ಟವೆಲಿಗೆ ಮೊದಲು ಆ ಕೆಲಸವನ್ನು ಸ್ಪಂಜು ಮಾಡುತ್ತಿತ್ತು ಎಂಬುದನ್ನು ಮೇಲೆ ನೋಡಿದಿರಿ. ರಕ್ತ ಒರೆಸಿದ ಸ್ಪಂಜು ಬಿಳಿಯದಾಗಿರಲು ಸಾಧ್ಯವೇ ಇರಲಿಲ್ಲ. ಬಾವುಟವನ್ನು ಎತ್ತಿ ಹಿಡಿಯುತ್ತಾರೆ, ಟವೆಲನ್ನು ಕೈಬಿಡುತ್ತಾರೆ. ಮೂಲೆಯಲ್ಲಿ ನಿಂತವನ ಹೆಗಲ ಮೇಲೆ ಆ ಹೊತ್ತಿಗೆ ಇದ್ದದ್ದು ಯಾವ ಬಣ್ಣದ ಟವೆಲೋ ಅದೇ ಕಣದೊಳಗೆ ಬೀಳುತ್ತದೆ.